ಎರಡು ಪೆಟ್ಟಿಗೆಗಳ ವ್ಯಾಜ್ಯ

ಕಡೂರು ತಾಲ್ಲೂಕಿನಲ್ಲಿ ಕುಳಿತು ಕುಮಾರವ್ಯಾಸನನ್ನು ಹೊಗಳುವುದಕ್ಕೆ ಸ್ವಲ್ಪ ಎದೆಗಾರಿಕೆ ಬೇಕು. ಜೈಮಿನಿ ಭಾರತವನ್ನು ಬರೆದ ಲಕ್ಷ್ಮೀಶನ ದೇವನೂರು ಈ ತಾಲ್ಲೂಕಿಗೇ ಸೇರಿದ್ದು. ಗದುಗಿನ ಕವಿ ಎಷ್ಟೇ ದೊಡ್ಡವನಾಗಲಿ, ಅವನ ಹೆಸರು ಬಂದೊಡನೆ ಸಭೆಯಲ್ಲಿರುವ ಹಿರಿಯರೊಬ್ಬರು ಗಂಟಲು ಸರಿಪಡಿಸಿಕೊಂಡು, “ಅದು ಸರಿ, ಆದರೆ ನಮ್ಮ ಲಕ್ಷ್ಮೀಶನ ನಾದವಿದೆಯಲ್ಲ...” ಎಂದು ತೊಡಗಿಯೇ ತೊಡಗುತ್ತಾರೆ. ಆಮೇಲೆ ಸಭೆ ಎರಡು ಹೋಳು. ಒಂದು ಪಕ್ಷದವರು ಭಾಮಿನಿಯ ಓಟವನ್ನು ಕೊಂಡಾಡುತ್ತಾರೆ. ಇನ್ನೊಂದು ಪಕ್ಷದವರು ವಾರ್ಧಕದ ಗಾಂಭೀರ್ಯಕ್ಕೆ ತಲೆದೂಗುತ್ತಾರೆ.

ಲೆಕ್ಕ ಹಾಕಿ ನೋಡಿದರೆ ಈ ಜಗಳದ ಮೂಲ ಬಹು ಸರಳವಾದುದು. ಭಾಮಿನಿ ಷಟ್ಪದಿಯ ಪದ್ಯವೊಂದಕ್ಕೆ 102 ಮಾತ್ರೆಗಳು, ವಾರ್ಧಕಕ್ಕೆ 144. ಒಬ್ಬ ಕವಿಗೆ ಇಕ್ಕಟ್ಟಾದ ಅಂಗಳ, ಮೂರು ನಾಲ್ಕರ ಬಿರುಸಾದ ಹೆಜ್ಜೆ. ಇನ್ನೊಬ್ಬನಿಗೆ ವಿಶಾಲವಾದ ತೊಟ್ಟಿ, ಐದೈದು ಮಾತ್ರೆಗಳ ತೂಗು ನಡೆ. ಕುಮಾರವ್ಯಾಸ ತನ್ನ ಇಕ್ಕಟ್ಟಿನಿಂದಲೇ ವೇಗವನ್ನು ಪಡೆದ. ಲಕ್ಷ್ಮೀಶ ತನ್ನ ವಿಸ್ತಾರದಿಂದ ನಾದವನ್ನು ತೆಗೆದ. ಯಾರ ಅಂಗಳ ದೊಡ್ಡದೆಂದು ಅಳೆಯುವವರು ಇಬ್ಬರನ್ನೂ ಓದಿದವರಲ್ಲವೆಂದು ನನ್ನ ಅನುಮಾನ.

ಈ ಪೀಠಿಕೆ ಏತಕ್ಕೆಂದರೆ, ಇದೇ ಜಾತಿಯ ಇನ್ನೊಂದು ವ್ಯಾಜ್ಯ ಈಚೆಗೆ ನನ್ನ ಬಳಿಗೆ ತೀರ್ಪಿಗಾಗಿ ಬಂತು. ಬೀರೂರು ಜಂಕ್ಷನ್ನಿನಲ್ಲಿ ರೈಲುಹಾದಿ ಕವಲೊಡೆದು, ಒಂದು ತರೀಕೆರೆಯ ಮೇಲೆ ಶಿವಮೊಗ್ಗೆಗೂ ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ ಹೋಗುತ್ತದಷ್ಟೆ. ವಾದಿ ಪ್ರತಿವಾದಿಗಳಲ್ಲಿ ಒಬ್ಬರು ಆ ಹಾದಿಯವರು, ಒಬ್ಬರು ಈ ಹಾದಿಯವರು. ಇಬ್ಬರೂ ಷಡ್ಡಕರು, ಒಂದೇ ಮನೆಯ ಅಕ್ಕತಂಗಿಯರ ಕೈಹಿಡಿದವರು. ಇಬ್ಬರಿಗೂ ಐವತ್ತು ದಾಟಿದೆ. ಕಷ್ಟಸುಖದಲ್ಲಿ ಒಬ್ಬರಿಗೊಬ್ಬರು ಆಗುವವರು. ಆದರೆ ಮಾತು ಸ್ಪೆಕ್ಟ್ರಮ್ ಮತ್ತು ಕಮಡೋರ್ ಎಂಬ ಎರಡು ಹೆಸರುಗಳತ್ತ ತಿರುಗಿತೆಂದರೆ ಮದುವೆಮನೆಯ ಪಂಕ್ತಿಯಲ್ಲಿಯೂ ಎಲೆಯ ಮೇಲಿನ ಹೋಳಿಗೆ ಆರಿಹೋಗುತ್ತದೆ.

ಇವು ಎರಡು ಹಳೆಯ ಮನೆಗಂಪ್ಯೂಟರುಗಳು. ಇಂದಿನ ಕಂಪ್ಯೂಟರನ್ನು ಮಾತ್ರ ಕಂಡ ಮಕ್ಕಳಿಗೆ ಇವನ್ನು ಕಂಪ್ಯೂಟರೆಂದು ನಂಬಿಸುವುದೇ ಕಷ್ಟ. ಕೀಲಿಮಣೆಯೊಂದೇ, ಒಳಗಿರುವುದೆಲ್ಲ ಅದರ ಹೊಟ್ಟೆಯಲ್ಲಿ. ತೆರೆಯಾಗಿ ಮನೆಯ ಟೆಲಿವಿಷನ್ನು, ಉಗ್ರಾಣವಾಗಿ ಹಾಡು ಕೇಳುವ ಟೇಪ್ ರೆಕಾರ್ಡರಿನ ಕ್ಯಾಸೆಟ್ಟು. ಸ್ಪೆಕ್ಟ್ರಮ್ಮನ್ನು ಇಂಗ್ಲೆಂಡಿನ ಕ್ಲೈವ್ ಸಿನ್‌ಕ್ಲೇರ್ 1982ರ ಏಪ್ರಿಲಿನಲ್ಲಿ ಹೊರತಂದರು. ಬೆಲೆ 125 ಪೌಂಡು, ಹೆಚ್ಚು ಸ್ಮರಣಶಕ್ತಿಯದಕ್ಕೆ 175. ಅದೇ ವರ್ಷದ ಆಗಸ್ಟಿನಲ್ಲಿ ಅಮೆರಿಕದಲ್ಲಿ ಕಮಡೋರ್ 64 ಬಂತು. ಬೆಲೆ 595 ಡಾಲರು. ಅದರ ಒಡೆಯ ಜ್ಯಾಕ್ ಟ್ರಾಮಿಯೆಲ್, ಪೋಲೆಂಡಿನಲ್ಲಿ ಹುಟ್ಟಿ ಆಷ್ವಿಟ್ಸ್ ಯಾತನಾಶಿಬಿರದಿಂದ ಜೀವಸಹಿತ ಹೊರಬಂದು, ಬೆರಳಚ್ಚು ಯಂತ್ರಗಳ ವ್ಯಾಪಾರದಿಂದ ಮೇಲೆದ್ದ ಮನುಷ್ಯ. ಮೊದಲನೆಯದರ ದೊಡ್ಡ ಮಾದರಿಗೆ ಸ್ಮರಣಶಕ್ತಿ 48 ಕಿಲೋಬೈಟು, ಎರಡನೆಯದಕ್ಕೆ 64. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಭಾವಚಿತ್ರ ಇದರ ಹತ್ತಾರು ಪಟ್ಟು ಜಾಗ ನುಂಗುತ್ತದೆ.

ತರೀಕೆರೆಯವರದು ಸ್ಪೆಕ್ಟ್ರಮ್ ಪಕ್ಷ. ಡೆಸಿಬೆಲ್ಸ್ ಎಂಬ ಭಾರತೀಯ ಸಂಸ್ಥೆಯೊಂದು ಅದನ್ನು ಪರವಾನಗಿ ಪಡೆದು ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂದು ನಮ್ಮಲ್ಲಿಯೇ ಮಾರಾಟಕ್ಕೆ ತಂದಿತು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಇವರು ತಂದೆಯನ್ನು ಕಾಡಿ ಬೇಡಿ ಒಂದನ್ನು ಕೊಂಡರು. ಅಜ್ಜಂಪುರದವರಿಗೆ ಕಮಡೋರ್ ಒದಗಿದ್ದು ಜರ್ಮನಿಯಲ್ಲಿ ಕೆಲಸಕ್ಕಿದ್ದ ಅಣ್ಣನಿಂದ. ಹೀಗೆ ಪಕ್ಷವನ್ನು ಇವರು ಆರಿಸಿಕೊಂಡದ್ದೇ ಅಲ್ಲ. ಮನೆದೇವರಂತೆ ಅದು ತಾನಾಗಿ ಬಂದದ್ದು. ಇಂಗ್ಲೆಂಡಿನ ಶಾಲೆಯಂಗಳಗಳಲ್ಲಿ ಈ ಜಗಳವಾಡಿದ ಹುಡುಗರ ಕಥೆಯೂ ಇದೇ: ಅಪ್ಪ ಯಾವುದನ್ನು ಕೊಂಡುತಂದನೋ ಅದೇ ಪರಬ್ರಹ್ಮ.

ವಾದಗಳನ್ನು ಕೇಳಿ. ಸ್ಪೆಕ್ಟ್ರಮ್ಮಿನ ತೆರೆ ಎಂಟೆಂಟು ಚುಕ್ಕೆಗಳ ಚೌಕಗಳಾಗಿ ಹರಿದುಹಂಚಿದ್ದು. ಅಡ್ಡಕ್ಕೆ 32, ಉದ್ದಕ್ಕೆ 24. ಒಂದೊಂದು ಚೌಕದಲ್ಲಿ ಎರಡೇ ಬಣ್ಣಗಳಿಗೆ ಅವಕಾಶ. ಹಳದಿ ಮನುಷ್ಯನೊಬ್ಬ ಹಸುರು ಗಿಡದ ಮುಂದೆ ಹಾದುಹೋದರೆ ಗಿಡವೂ ಹಳದಿಯಾಗುತ್ತದೆ, ಇಲ್ಲವೆ ಮನುಷ್ಯ ಹಸುರಾಗುತ್ತಾನೆ. ಅಜ್ಜಂಪುರದವರು ಇದನ್ನು “ಹೋಳಿ ಹುಣ್ಣಿಮೆ” ಎಂದು ಹಂಗಿಸುತ್ತಾರೆ. ಕಮಡೋರಿನಲ್ಲಿ ಹಿನ್ನೆಲೆಗೆ ಅಂಟಿಕೊಳ್ಳದೆ ತೇಲುವ ಎಂಟು ಚಿತ್ರಗಳನ್ನು ಯಂತ್ರವೇ ನಡೆಸಿಕೊಡುತ್ತದೆ. ಅದಕ್ಕೂ ಮಿಗಿಲಾಗಿ ಅದರ ಸಂಗೀತ. ಬಾಬ್ ಯಾನ್ಸ್ ಎಂಬ ತರುಣ ಎಂಜಿನಿಯರು ರೂಪಿಸಿದ ನಾದಚಿಪ್ಪಿನಲ್ಲಿ ಮೂರು ದನಿಗಳು ಏಕಕಾಲಕ್ಕೆ ನುಡಿಯಬಲ್ಲವು. ಒಂದೊಂದರ ಮಟ್ಟ, ಏರಿಳಿತ, ಗುಣವನ್ನು ಬೇರೆಬೇರೆಯಾಗಿ ತಿದ್ದಬಹುದು. ಆ ಮೂರೇ ದನಿಗಳಲ್ಲಿ ರಾಬ್ ಹಬರ್ಡ್, ಮಾರ್ಟಿನ್ ಗಾಲ್ವೇ ಮೊದಲಾದವರು ಕಟ್ಟಿದ ಸಂಗೀತವನ್ನು ಆಟ ಬಿಟ್ಟು ಬರಿದೇ ಕೇಳುವವರು ಇಂದಿಗೂ ಇದ್ದಾರೆ. ಸ್ಪೆಕ್ಟ್ರಮ್ಮಿನ ಮೊದಲ ಮಾದರಿಗಳಿಗೋ ‘ಬೀಪ್’ ಎನ್ನುವ ಒಂದೇ ಗಂಟಲು.

ತರೀಕೆರೆಯವರು ಸುಮ್ಮನಿರುವರೆ? “ನಿಮ್ಮದರಲ್ಲಿ ಕ್ಯಾಸೆಟ್ಟಿನಿಂದ ಆಟ ಇಳಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಅಡಿಗೆಯಾಗಿ ಊಟವೂ ಮುಗಿಯುತ್ತದೆ” ಎನ್ನುತ್ತಾರೆ. ಇದು ಸುಳ್ಳಲ್ಲ. ಸ್ಪೆಕ್ಟ್ರಮ್ ನಾಲ್ಕೈದು ನಿಮಿಷದಲ್ಲಿ ಓದಿ ಮುಗಿಸುವುದನ್ನು ಕಮಡೋರ್, ವೇಗದ ಉಪಾಯಗಳನ್ನು ಹೂಡದಿದ್ದರೆ, ಇಪ್ಪತ್ತು ನಿಮಿಷಕ್ಕೂ ಎಳೆಯುತ್ತದೆ. ಅದಕ್ಕೆ ತನ್ನದೇ ಆದ ಟೇಪ್ ಯಂತ್ರವೂ ಬೇಕು. ಸ್ಪೆಕ್ಟ್ರಮ್ಮಿಗೆ ಮನೆಯಲ್ಲಿ ಭಕ್ತಿಗೀತೆ ಕೇಳುವ ಟೇಪ್ ರೆಕಾರ್ಡರೇ ಸಾಕು.

ಕೊನೆಗೆ ಜಗಳ ನಿಲ್ಲುವುದು ಆಟಗಳ ಭಂಡಾರದ ಮೇಲೆ. ಯಾರಲ್ಲಿ ಎಷ್ಟು ಆಟ? ಇಬ್ಬರ ಯಂತ್ರಕ್ಕೂ ಸಾವಿರಾರು ಆಟಗಳಿವೆ. ಎಣಿಕೆಯಿಂದ ಯಾರೂ ಗೆಲ್ಲುವಂತಿಲ್ಲ. ಎಣಿಕೆಯೆಂಬುದೇ ಮೋಸ. ನಮ್ಮ ತಲೆಮಾರಿನ ಹುಡುಗರು ಕಡೂರಿನಲ್ಲಿ ಆಡಿದ್ದು ಟಿ.ವಿ. ಗೇಮನ್ನು, ಎಂದರೆ ಜಪಾನಿನ ನಿಂಟೆಂಡೊ ಯಂತ್ರದ ನಕಲುಗಳನ್ನು. ಲಿಟ್ಲ್ ಮಾಸ್ಟರ್ ಎಂಬ ಹೆಸರು ಇದನ್ನು ಓದುವ ಎಷ್ಟೋ ಜನಕ್ಕೆ ನೆನಪಿರಬಹುದು. ‘9999999 ಆಟಗಳು’ ಎಂದು ಮೇಲೆ ಅಚ್ಚಾಗಿರುವ ಹಳದಿ ಕ್ಯಾಸೆಟ್ಟಿನೊಳಗೆ ಬೆರಳಲ್ಲಿ ಎಣಿಸುವಷ್ಟು ಆಟಗಳೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಆದರೂ ಆ ಸಂಖ್ಯೆಯನ್ನು ಹಿಡಿದು ಒಂದು ಬೀದಿಯವರು ಇನ್ನೊಂದು ಬೀದಿಯವರ ಮೇಲೆ ಜಂಬ ಕೊಚ್ಚುತ್ತಿದ್ದುದು ನಿಜ. (ಆ ಯಂತ್ರದ ಮಿದುಳು 6502 ಎಂಬ ವಂಶದ್ದು, ಕಮಡೋರಿನದೂ ಅದೇ ವಂಶ, ಆದ್ದರಿಂದ ಕಡೂರಿನ ಹುಡುಗರೆಲ್ಲ ತಮ್ಮ ಪಕ್ಷವೇ ಎಂಬುದು ಅಜ್ಜಂಪುರದವರ ವಾದ. ಸ್ಪೆಕ್ಟ್ರಮ್ಮಿನ ಮಿದುಳು ಝಡ್-80 ಎಂಬ ಬೇರೆ ಗೋತ್ರದ್ದು.)

ನನಗೆ ಎಣಿಕೆಗಿಂತ ಮುಖ್ಯವಾಗಿ ಕಂಡದ್ದು, ಕೊರತೆಯೊಳಗಿಂದ ಆಟಗಳು ಹುಟ್ಟಿದ ರೀತಿ. 1984ರಲ್ಲಿ ಸ್ಪೆಕ್ಟ್ರಮ್ಮಿಗೆ ‘ನೈಟ್ ಲೋರ್’ ಎಂಬ ಆಟ ಬಂತು. ಅದನ್ನು ಮಾಡಿದವರು ಬಣ್ಣಗಳ ಕಾದಾಟವನ್ನು ತಪ್ಪಿಸಲು, ಪ್ರತಿಯೊಂದು ಕೋಣೆಯನ್ನೂ ಕಪ್ಪಿನ ಮೇಲೆ ಒಂದೇ ಬಣ್ಣದಲ್ಲಿ ಬರೆದುಬಿಟ್ಟರು. ಬಣ್ಣವನ್ನು ಬಿಟ್ಟುಕೊಟ್ಟು ಆಳವನ್ನು ಪಡೆದರು: ಕೋಣೆಯನ್ನು ಮೂಲೆಯಿಂದ ನೋಡಿದಂತೆ, ಕಲ್ಲು ಕಲ್ಲಾಗಿ, ಮೇಜು ಮೇಜಾಗಿ ಎದ್ದುನಿಂತಿತು. ನೋಡಿದವರು ಬೆರಗಾದರು, ವರ್ಷ ಕಳೆಯುವುದರೊಳಗೆ ಅದನ್ನು ಅನುಕರಿಸದವರೇ ಕಡಿಮೆಯೆಂಬಂತಾಯಿತು. ಅದಕ್ಕೆ ಒಂದು ವರ್ಷ ಮೊದಲು ‘ಮ್ಯಾನಿಕ್ ಮೈನರ್’ ಎಂಬ ಪ್ರಸಿದ್ಧ ಆಟವನ್ನು ಒಬ್ಬನೇ ಬರೆದ ಮ್ಯಾಥ್ಯೂ ಸ್ಮಿತ್ ಇನ್ನೂ ಇಪ್ಪತ್ತು ಮುಟ್ಟದ ಹುಡುಗ.

ಈ ಎರಡು ಪಕ್ಷಗಳ ನಡುವೆ ಮೂರನೆಯದೊಂದು ಯಂತ್ರವೂ ಇತ್ತು, ಬಿ.ಬಿ.ಸಿ. ಮೈಕ್ರೊ. 1984ರಲ್ಲಿಯೇ ಇಬ್ಬರು ವಿದ್ಯಾರ್ಥಿಗಳು ಅದಕ್ಕಾಗಿ ‘ಎಲೀಟ್’ ಎಂಬ ಆಟವನ್ನು ಬರೆದು, 32 ಕಿಲೋಬೈಟಿನೊಳಗೆ 256 ನಕ್ಷತ್ರಗಳ ಎಂಟು ಬ್ರಹ್ಮಾಂಡಗಳನ್ನು ತುಂಬಿದರು. ತುಂಬಿದರೆಂದರೆ ತಪ್ಪಾದೀತು; ಒಂದು ಬೀಜಸಂಖ್ಯೆಯಿಂದ ಲೆಕ್ಕದ ಮೂಲಕ ಬೇಕಾದಾಗ ಹುಟ್ಟಿಸಿದರು. ಭಾರತ ಸರ್ಕಾರ ಶಾಲಾಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಯೋಜನೆಯನ್ನು ಅದೇ 1984ರಲ್ಲಿ ಆರಂಭಿಸಿದಾಗ ಆರಿಸಿಕೊಂಡದ್ದೂ ಈ ಬಿ.ಬಿ.ಸಿ. ಮೈಕ್ರೊವನ್ನೇ. ಆದರೆ ಬೀಗ ಹಾಕಿದ ಕೊಠಡಿಯಲ್ಲಿಟ್ಟು, ಚಪ್ಪಲಿ ಬಿಡಿಸಿ, ವಾರಕ್ಕೊಮ್ಮೆ ದರ್ಶನ ಮಾಡಿಸಿದ ಯಂತ್ರಕ್ಕೆ ಭಕ್ತರು ಹುಟ್ಟಬಹುದಲ್ಲದೆ ಅಭಿಮಾನಿಗಳು ಹುಟ್ಟಲಾರರು. ಅಭಿಮಾನಕ್ಕೆ ಸ್ವಲ್ಪ ಸಲಿಗೆ ಬೇಕು, ಅಣ್ಣತಮ್ಮಂದಿರು ಕಿತ್ತಾಡಿ ಗುಂಡಿ ಸವೆಸಿರಬೇಕು.

ಕದನ ನಡೆಸಿದ ಒಡೆಯರಾದರೂ ಉಳಿದರೆ? ಸಿನ್‌ಕ್ಲೇರ್ ತಮ್ಮ ಕಂಪ್ಯೂಟರ್ ವ್ಯವಹಾರವನ್ನು 1986ರಲ್ಲಿ ಆಮ್ಸ್ಟ್ರಾಡ್ ಎಂಬ ಕಂಪನಿಗೆ 50 ಲಕ್ಷ ಪೌಂಡಿಗೆ ಮಾರಿಬಿಟ್ಟರು. ಕೋಟಿಗೂ ಮೀರಿ ಕಮಡೋರ್ 64ಗಳನ್ನು ಮಾರಿದ ಕಂಪನಿ 1994ರಲ್ಲಿ ದಿವಾಳಿಯಾಯಿತು. ರಾಜರು ಅಳಿದ ಮೇಲೂ ಕಾಲಾಳುಗಳು ರಣರಂಗ ಬಿಟ್ಟಿಲ್ಲ. ಹಳೆಯ ಅಭಿಮಾನವನ್ನು ಕಂಡು ಕಮಡೋರಿನ ಪುಟ್ಟ ಪ್ರತಿಕೃತಿಯನ್ನು 2018ರಲ್ಲಿಯೂ ಸ್ಪೆಕ್ಟ್ರಮ್ಮಿನ ಪ್ರತಿಕೃತಿಯನ್ನು 2024ರಲ್ಲಿಯೂ ಮಾರುಕಟ್ಟೆಗೆ ತಂದದ್ದು ಒಂದೇ ಕಂಪನಿ! ಎರಡು ಪಾಳೆಯಕ್ಕೂ ಬಾಣ ಮಾರುವ ಜಾಣರು ಎಲ್ಲ ಕಾಲದಲ್ಲಿಯೂ ಇರುತ್ತಾರೆ.

ಆದರೆ ಈ ಹಟಮಾರಿ ಕಾಲಾಳುಗಳಿಂದ ಒಂದು ದೊಡ್ಡ ಉಪಕಾರವಾಗಿದೆ. ಕ್ಯಾಸೆಟ್ಟಿನ ಫಿಲ್ಮೆಂಬುದು ಪ್ಲಾಸ್ಟಿಕ್ಕಿನ ಮೇಲೆ ಅಂಟಿನಿಂದ ಕೂರಿಸಿದ ಕಬ್ಬಿಣದ ತುಕ್ಕಿನ ಪುಡಿ. ಅಂಟು ಸಡಿಲಿದರೆ ಪುಡಿ ಉದುರುತ್ತದೆ. ತೇವ ತಗಲಿದರೆ ಬೂಷ್ಟು ಹಿಡಿಯುತ್ತದೆ. ತಾಳೆಗರಿಗೆ ಗೆದ್ದಲು ಹೇಗೋ ಹಾಗೆ. ಎದುರು ಪಕ್ಷಕ್ಕಿಂತ ತಮ್ಮ ಭಂಡಾರ ಕಿರಿದಾಗಬಾರದೆಂಬ ಛಲದಿಂದ ಇಂಗ್ಲೆಂಡ್, ಜರ್ಮನಿ, ಸ್ಪೇನ್, ರಷ್ಯಗಳ ಅಭಿಮಾನಿಗಳು ಅಟ್ಟದ ಮೇಲಿನ ಕ್ಯಾಸೆಟ್ಟುಗಳನ್ನೆಲ್ಲ ಇಳಿಸಿ, ಒಂದೊಂದನ್ನೂ ಕೇಳಿ, ಪ್ರತಿಯೆತ್ತಿ, ಪಟ್ಟಿಮಾಡಿ ಇಟ್ಟರು. ಕಮಡೋರಿನ ಸಂಗೀತವನ್ನೇ ಕೂಡಿಹಾಕಿದ ಸಂಗ್ರಹವೊಂದರಲ್ಲಿ ಐವತ್ತು ಸಾವಿರಕ್ಕೂ ಮಿಕ್ಕ ಮಟ್ಟುಗಳಿವೆ. ಸ್ಪೆಕ್ಟ್ರಮ್ಮಿನ ಒಳಗಿನ ಮೂಲ ಲಿಪಿಯನ್ನು ಅನುಕರಣ ತಂತ್ರಾಂಶಗಳಲ್ಲಿ ಬಳಸಿಕೊಳ್ಳಲು ಆಮ್ಸ್ಟ್ರಾಡ್ 1999ರಲ್ಲಿ ಅನುಮತಿ ಕೊಟ್ಟಿತು. ಹೀಗಾಗಿ ಯಂತ್ರ ಸತ್ತರೂ ಅದರ ಆತ್ಮವನ್ನು ಇಂದಿನ ಲ್ಯಾಪ್‌ಟಾಪಿನ ಮೈಮೇಲೆ ಬರಿಸಬಹುದು.

ಇಷ್ಟೆಲ್ಲ ನಾನು ತಿಳಿದುಕೊಳ್ಳಬೇಕಾದದ್ದು ತರೀಕೆರೆಯವರ ಒಂದು ಟ್ರಂಕಿನ ದೆಸೆಯಿಂದ. ಮನೆಗೆ ಬಣ್ಣ ಹೊಡೆಸುವ ಸಂದರ್ಭದಲ್ಲಿ ಅಟ್ಟದಿಂದಿಳಿದ ಟ್ರಂಕನ್ನು ಗುಜರಿಗೆ ಹಾಕುವುದೆಂದು ಮನೆಯವರು ತೀರ್ಮಾನಿಸಿದ್ದರು. ಒಳಗೆ ಸುಮಾರು ನಲವತ್ತು ಕ್ಯಾಸೆಟ್ಟುಗಳು. ವಿಷಯ ತಿಳಿದ ಅಜ್ಜಂಪುರದವರು ಫೋನಿನಲ್ಲಿ, “ಹಾಕಿಬಿಡಿ ಭಾವ, ಅವೆಲ್ಲ ಆಟವೂ ಈಗ ಪುಕ್ಕಟೆ ಸಿಗುತ್ತವೆ” ಎಂದರಂತೆ. ತರೀಕೆರೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಎಲ್ಲವೂ ಸಿಗುತ್ತವೆ, ಒಂದನ್ನು ಬಿಟ್ಟು” ಎಂದರು.

ಆ ಒಂದು, 1989ರಲ್ಲಿ ಅವರು ತಾವೇ ಬರೆದ ಚೌಕಾಬಾರ. ಅವರ ತಾಯಿಗೆ ಕನ್ನಡದ ಹೊರತು ಬೇರೆ ಅಕ್ಷರ ಬಾರದು. ಮಗ ರಜೆಯಲ್ಲಿ ಬಂದು ಟಿ.ವಿ.ಯ ಮುಂದೆ ಕುಳಿತುಬಿಟ್ಟರೆ, “ಅದರೊಳಗೆ ನನಗೇನೂ ಇಲ್ಲವೇನೋ?” ಎಂದು ಕೇಳುತ್ತಿದ್ದರಂತೆ. ಆದುದರಿಂದ ತಾಯಿ ಆಡಬಲ್ಲ ಆಟವನ್ನು, ತಾಯಿ ಓದಬಲ್ಲ ಲಿಪಿಯಲ್ಲಿ ಬರೆಯಬೇಕೆಂದು ಅವರಿಗೆ ಹುಕ್ಕಿ ಬಂತು. ಸ್ಪೆಕ್ಟ್ರಮ್ಮಿನಲ್ಲಿ ನಮಗೆ ಬೇಕಾದ ಆಕಾರವನ್ನು ಎಂಟೆಂಟು ಚುಕ್ಕೆಗಳ ಚೌಕದಲ್ಲಿ ಬರೆದುಕೊಳ್ಳುವ ಸೌಲಭ್ಯವಿದೆ. ಆದರೆ ಅಂಥ ಆಕಾರಗಳು ಇಪ್ಪತ್ತೊಂದೇ. ಕನ್ನಡ ವರ್ಣಮಾಲೆಯ ಅರ್ಧವೂ ಹಿಡಿಯದ ಜಾಗ. ಎಂಟು ಚುಕ್ಕೆಗಳ ಎತ್ತರದಲ್ಲಿ ಒತ್ತಕ್ಷರದ ಮಾತೇ ಇಲ್ಲ.

ಅಲ್ಲಿಂದ ಅವರ ಪದ್ಯರಚನೆ ಶುರುವಾಯಿತೆಂದೇ ನಾನು ಹೇಳುತ್ತೇನೆ. ‘ನಿಮ್ಮ ಸರದಿ’ ಎನ್ನುವಂತಿಲ್ಲ. ಒತ್ತು ಅಡ್ಡ ಬರುತ್ತದೆ. ‘ಈಗ ನೀವು ಆಡಿ’ ಎಂದರು. ಆರು ಅಕ್ಷರ ಖರ್ಚು. ‘ಗೆದ್ದಿರಿ’ ಎನ್ನುವಂತಿಲ್ಲ, ‘ಜಯ ನಿಮಗೆ’ ಎಂದು ಬರೆದರು, ಐದು ಅಕ್ಷರ. ‘ಕಾಯಿ ಸತ್ತಿತು’ ಎಂಬುದರ ಬದಲು ‘ಕಾಯಿ ಹೋಯಿತು’. ‘ಯಿ’ ಎರಡು ಬಾರಿ ಬರುವುದರಿಂದ ನಾಲ್ಕರಲ್ಲಿ ಮುಗಿಯಿತು. ಚೌಕ ಎನ್ನುವುದಕ್ಕೆ ಎರಡು, ಬಾರ ಎನ್ನುವುದಕ್ಕೆ ಎರಡು. ಒಟ್ಟು ಹತ್ತೊಂಬತ್ತು. ಉಳಿದ ಎರಡರಲ್ಲಿ ಕವಡೆ: ಬಾಯಿ ಮೇಲಾದದ್ದು ಒಂದು, ಬೋರಲು ಬಿದ್ದದ್ದು ಒಂದು. ಒಂದೂ ಮಿಗಲಿಲ್ಲ, ಒಂದೂ ಸಾಲದಾಗಲಿಲ್ಲ. ಇನ್ನೊಂದು ವಿಶೇಷವನ್ನು ಅವರ ಪತ್ನಿ ಹೇಳಿದರು. ಇವರು ತಾಯಿಯನ್ನು ಹುಟ್ಟಿದಂದಿನಿಂದ ‘ನೀನು’ ಎಂದೇ ಮಾತಾಡಿಸಿದವರು. ಯಂತ್ರದ ಬಾಯಲ್ಲಿ ಮಾತ್ರ ‘ನೀವು’ ಅನ್ನಿಸಿದರು. ಆಕೆ ಅದಕ್ಕೇ ಹೆಚ್ಚು ಸಂತೋಷಪಟ್ಟರಂತೆ. ಈಗ ಆಕೆ ಇಲ್ಲ.

ಈ ಆಟಕ್ಕೆ ಜಗತ್ತಿನಲ್ಲಿ ಎರಡನೆಯ ಪ್ರತಿ ಇರಲಿಲ್ಲ. ಸ್ಪೆಕ್ಟ್ರಮ್ ಸತ್ತು ಎಷ್ಟೋ ಕಾಲವಾಗಿತ್ತು; ಕ್ಯಾಸೆಟ್ಟಿನ ಮೇಲೆ ಬಿಳಿಯ ಬೂಷ್ಟು. ಸುದ್ದಿ ತಿಳಿದ ಭಾನುವಾರವೇ ಅಜ್ಜಂಪುರದವರು ತಮ್ಮ ಹಳೆಯ ಟೇಪ್ ರೆಕಾರ್ಡರು, ಗಡಿಯಾರ ರಿಪೇರಿಯ ಸಣ್ಣ ತಿರುಪುಳಿ, ಒಂದು ಸೀಸೆ ಸ್ಪಿರಿಟು, ಹತ್ತಿ ಇವಿಷ್ಟನ್ನು ಚೀಲದಲ್ಲಿ ಹಾಕಿಕೊಂಡು ತರೀಕೆರೆಗೆ ಹೋದರು. ಬೀರೂರಿನಲ್ಲಿ ಅವರನ್ನು ಕೂಡಿಕೊಂಡು ನಾನೂ ಹೋದೆ. ಶತ್ರುಪಕ್ಷದ ಯಂತ್ರದ ಅಂಗರಚನೆ ಅವರಿಗೆ ಬಾಯಿಪಾಠವಾಗಿತ್ತು. ಮೂವತ್ತು ವರ್ಷ ಹಂಗಿಸಬೇಕಾದರೆ ಅಷ್ಟಾದರೂ ಓದಿಕೊಂಡಿರಬೇಕಲ್ಲ.

ಫಿಲ್ಮನ್ನು ಕೈಯಿಂದಲೇ ಸುತ್ತಿ ಬೂಷ್ಟು ಒರೆಸಿದರು. ರೆಕಾರ್ಡರಿನ ಇಯರ್‌ಫೋನಿನ ತೂತಿನಿಂದ ಲ್ಯಾಪ್‌ಟಾಪಿಗೆ ತಂತಿ ಎಳೆದರು. ಮೊದಲು ಉದ್ದಕ್ಕೆ ಕೂಗುವ ಒಂದು ಸ್ವರ, ಆಮೇಲೆ ಹೆಂಚಿನ ಮೇಲೆ ಮಳೆ ಸುರಿದಂಥ ಗದ್ದಲ. ತೆರೆಯ ಅಂಚಿನಲ್ಲಿ ಕೆಂಪು ನೀಲಿ ಪಟ್ಟಿಗಳು. ಅಷ್ಟರಲ್ಲಿ ‘ಟೇಪ್ ಲೋಡಿಂಗ್ ಎರರ್’ ಎಂದು ತೆರೆ ನಿಂತಿತು. ಎರಡನೆಯ ಸಲವೂ ಹಾಗೆಯೇ, ಮೂರನೆಯ ಸಲವೂ ಹಾಗೆಯೇ. ತರೀಕೆರೆಯವರು ಎದ್ದು ಹಜಾರದಲ್ಲಿ ತಿರುಗಾಡತೊಡಗಿದರು. ಅಜ್ಜಂಪುರದವರು ಕಣ್ಣು ಮುಚ್ಚಿ ಆ ಗದ್ದಲವನ್ನು ಆಲಿಸಿ, “ಸ್ವರ ಮಂಕಾಗಿದೆ, ಬರೆದ ರೆಕಾರ್ಡರಿನ ತಲೆ ಬೇರೆ ಓರೆಯಲ್ಲಿತ್ತು” ಎಂದು, ಟೇಪ್ ತಾಗುವ ತಲೆಯ ಪಕ್ಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರು. ಗದ್ದಲ ಚೂಪಾಯಿತು. ಆರನೆಯ ಸಲ ಪಟ್ಟಿಗಳು ಕೊನೆಯತನಕ ಓಡಿ ನಿಂತವು. ಕಪ್ಪು ತೆರೆಯ ಮೇಲೆ ಐದೈದು ಮನೆಗಳ ಹಾಸು, ಕೆಳಗೆ ನಾಲ್ಕು ಕವಡೆ, ಅದರ ಕೆಳಗೆ: ಈಗ ನೀವು ಆಡಿ.

ತರೀಕೆರೆಯವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ನಿಂತರು. ಯಾರೂ ಏನೂ ಹೇಳಲಿಲ್ಲ. ಕೊನೆಗೆ ಅಜ್ಜಂಪುರದವರೇ ಮೌನ ಮುರಿದರು: “ಹೋ ಎಂಬ ಅಕ್ಷರ ಗೊರವಂಕದ ಹಾಗೆ ಕಾಣುತ್ತದೆ ಭಾವ. ನಮ್ಮ ಕಮಡೋರಿನಲ್ಲಾಗಿದ್ದರೆ ಇನ್ನೂರೈವತ್ತಾರು ಆಕಾರ ಬರೆದುಕೊಳ್ಳಬಹುದಿತ್ತು. ಒತ್ತಕ್ಷರವೂ ಬರುತ್ತಿತ್ತು.”

“ಬರುತ್ತಿದ್ದರೆ ನೀವೇಕೆ ಬರೆಯಲಿಲ್ಲ ಮಹಾರಾಯರೇ?” ಎಂದರು ತರೀಕೆರೆಯವರು.

ನನ್ನ ಮುಂದೆ ಬಂದ ವ್ಯಾಜ್ಯ ಹುಟ್ಟಿದ್ದು ಆ ಗಳಿಗೆಯಲ್ಲಿ. ‘ನಿಮ್ಮ ಸರದಿ’ ಹೆಚ್ಚು ಸಹಜವಾದ ಕನ್ನಡವೋ, ‘ಈಗ ನೀವು ಆಡಿ’ ಎಂಬುದೋ, ಕನ್ನಡ ಎಂ.ಎ. ಮಾಡಿದ ಮೇಷ್ಟ್ರು ಹೇಳಲಿ ಎಂದು ಇಬ್ಬರೂ ನನ್ನತ್ತ ತಿರುಗಿದರು. ಅಡಿಗೆಮನೆಯ ಬಾಗಿಲಲ್ಲಿ ಅಕ್ಕತಂಗಿಯರೂ ಬಂದು ನಿಂತರು. ನಾನು ‘ಈಗ ನೀವು ಆಡಿ’ ಎಂಬುದರ ಪರವಾಗಿ ತೀರ್ಪಿತ್ತೆ. ಕರೆಯುವ ಧ್ವನಿ ಅದರಲ್ಲಿದೆ, ಇನ್ನೊಂದರಲ್ಲಿ ಬರಿಯ ಸೂಚನೆಯಿದೆ ಎಂದು ಕಾರಣವನ್ನೂ ಕೊಟ್ಟೆ. ಅಜ್ಜಂಪುರದವರು ತೀರ್ಪನ್ನು ಒಪ್ಪಲಿಲ್ಲ. ತಾವೇ ಕಮಡೋರಿನಲ್ಲಿ ಒತ್ತಕ್ಷರಸಹಿತವಾದ ಚೌಕಾಬಾರವೊಂದನ್ನು ಬರೆಯಲು ಕುಳಿತಿದ್ದಾರೆ. ಕವಡೆಗಳು ನೆಲಕ್ಕೆ ಬೀಳುವಾಗ ನಿಜವಾದ ಕವಡೆಯಂತೆಯೇ ಸದ್ದಾಗಬೇಕೆಂದು ಮೂರು ದನಿಗಳನ್ನೂ ಶ್ರುತಿಗೊಳಿಸುತ್ತಿದ್ದಾರಂತೆ. ‘ಗೆದ್ದಿರಿ’ ಎಂಬಲ್ಲಿಯ ಒತ್ತು ಇನ್ನೂ ಕೆಳಗಿನ ಮನೆಯೊಳಕ್ಕೆ ಇಳಿದುಹೋಗುತ್ತಿದೆಯೆಂದು ಮೊನ್ನೆ ಫೋನು ಮಾಡಿದ್ದರು. ತರೀಕೆರೆಯವರು ದಿನಕ್ಕೊಮ್ಮೆ, ಎಲ್ಲಿಗೆ ಬಂತೆಂದು ವಿಚಾರಿಸಿಕೊಳ್ಳುತ್ತಿದ್ದಾರೆ.